ಯೋಗವೂ ಕ್ಷೇಮವೂ

ಯೋಗಕ್ಷೇಮವೆಂಬ ಮಾತನ್ನು ನಾವೆಲ್ಲರೂ ದಿನದಿನವೂ ಆಡುತ್ತೇವೆ. ಬಂಧುಗಳಿಗೆ ಕಾಗದ ಬರೆದರೆ ಅದು ಬರುತ್ತದೆ. ಬೀದಿಯಲ್ಲಿ ಪರಿಚಿತರು ಎದುರಾದರೂ ಅದು ಬರುತ್ತದೆ. ಆದರೆ ಇದು ಒಂದು ಮಾತಲ್ಲ, ಎರಡು. ಇಲ್ಲದುದನ್ನು ದೊರಕಿಸಿಕೊಳ್ಳುವುದು ಯೋಗ. ದೊರೆತುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಮೂವತ್ತೈದು ವರುಷ ಗುಂಡ್ಲುಪೇಟೆಯ ಸೀಮೆಯಲ್ಲಿ ಉಪಾಧ್ಯಾಯರಾಗಿದ್ದ ನಾವು ಈ ಅರ್ಥವನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದೆವೋ ಲೆಕ್ಕವಿಲ್ಲ. ಬರೆದೆವೇ ಹೊರತು ಅದರ ಎರಡನೆಯ ಅರ್ಧವನ್ನು ಅರಿತಿರಲಿಲ್ಲ. ಅದನ್ನು ನಮಗೆ ಮೊದಲು ತೋರಿಸಿದವನು ಹತ್ತು ವರುಷದ ಮೊಮ್ಮಗ. ತೋರಿಸಿದ ಸ್ಥಳ, ಕೆನಡಾ ದೇಶದ ಒಂದು ಮಂಜುಗಡ್ಡೆಯ ಅಂಗಳ.

2022ರಲ್ಲಿ ನಾವು ನಿವೃತ್ತರಾದೆವು. ಆ ವರುಷದ ಕೊನೆಯಲ್ಲಿ, ಮಗಳ ಬಲವಂತಕ್ಕೆ ಕಟ್ಟುಬಿದ್ದು, ನಾವೂ ನಮ್ಮ ಮನೆಯವರೂ ಚಾಮರಾಜನಗರದ ಮನೆಗೆ ಬೀಗ ಹಾಕಿ ಟೊರಾಂಟೊ ನಗರಕ್ಕೆ ಹೋದೆವು. ಹೋದ ವಾರದಲ್ಲಿಯೇ ಮೊಮ್ಮಗನ ಆಟ ನೋಡುವ ಪ್ರಸಂಗ ಬಂದಿತು. ಆಟ ಐಸ್ ಹಾಕಿ. ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲದ ಮಂಜುಗಡ್ಡೆಯ ನೆಲ. ಕಾಲಿಗೆ ಉಕ್ಕಿನ ಅಲಗು ಕೂಡಿಸಿದ ಬೂಟು. ಕೈಯಲ್ಲಿ ಕೊನೆ ಬಾಗಿದ ಕೋಲು. ಚೆಂಡಿಗೆ ಬದಲಾಗಿ ಮೂರು ಅಂಗುಲ ಅಗಲದ ಕಪ್ಪು ರಬ್ಬರಿನ ಬಿಲ್ಲೆ. ಒಂದೊಂದು ಪಕ್ಷಕ್ಕೆ ಆರು ಮಂದಿ: ಗೋಲು ಕಾಯುವವನೊಬ್ಬ, ಮುನ್ನುಗ್ಗುವವರು ಮೂವರು, ಅವರ ಹಿಂದೆ ನಿಂತು ತಡೆಯುವವರು ಇಬ್ಬರು.

ನಮ್ಮ ಹುಡುಗನು ತಡೆಯುವವರಲ್ಲಿ ಒಬ್ಬನು. ಎದುರಾಳಿಗಳು ನುಗ್ಗಿ ಬಂದಾಗ ಅವರಿಗೆ ಮುಖಕೊಟ್ಟು ಹಿಮ್ಮುಖವಾಗಿ ಜಾರುತ್ತಿದ್ದನು, ದಾರಿ ಕಟ್ಟುತ್ತಿದ್ದನು, ಬಿಲ್ಲೆ ಹಾರಿಬಂದರೆ ಅಡ್ಡಬೀಳುತ್ತಿದ್ದನು. ಆಟ ಮುಗಿದಾಗ ಗೋಲು ಹೊಡೆದ ಹುಡುಗನನ್ನು ಎಲ್ಲರೂ ಮುತ್ತಿಕೊಂಡರು. ನಮ್ಮವನು ತನ್ನ ಕೋಲು ಹಿಡಿದುಕೊಂಡು ಮೌನವಾಗಿ ಹೊರಬಂದನು.

ಇಲ್ಲಿ ನಮ್ಮ ಊರಿನ ಒಂದು ಮಾತು ಹೇಳಬೇಕು. ಚಾಮರಾಜನಗರಕ್ಕೆ ಹಿಂದೆ ಅರಿಕುಠಾರವೆಂದು ಹೆಸರಿದ್ದಿತು. ವೈರಿಗಳಿಗೆ ಕೊಡಲಿ ಎಂದರ್ಥ. 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು, ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು, ಈಗಿನ ಹೆಸರನ್ನಿಟ್ಟರು. ಹೆಸರು ಹೋದರೂ ಕೊಡಲಿಯ ಅಭಿಮಾನ ನಮ್ಮನ್ನು ಬಿಟ್ಟಿರಲಿಲ್ಲವೆಂದು ತೋರುತ್ತದೆ. ಕಾರಿನಲ್ಲಿ ಕುಳಿತೊಡನೆಯೇ, "ಮುಂದೆ ಹೋಗಿ ಗೋಲು ಹೊಡೆಯುವುದು ನಿನ್ನಿಂದ ಆಗದೆಂದು ಹಿಂದೆ ನಿಲ್ಲಿಸಿದ್ದಾರೇನೋ?" ಎಂದುಬಿಟ್ಟೆವು. ಹುಡುಗನು ಮನೆ ಸೇರುವವರೆಗೂ ತುಟಿ ಬಿಚ್ಚಲಿಲ್ಲ. ರಾತ್ರಿ ಮಗಳು ಬಂದು, "ಅಪ್ಪಾ, ಆ ಜಾಗವನ್ನು ಅವನೇ ಕೇಳಿ ಪಡೆದುಕೊಂಡಿದ್ದಾನೆ" ಎಂದಳು. ಅವಳ ದನಿಯಲ್ಲಿ ನೋವಿದ್ದಿತು.

ಅದಾದ ಕೆಲವೇ ದಿನಗಳಿಗೆ, ನವೆಂಬರ್ 11 ಮತ್ತು 12ರಂದು, ಆ ಊರೆಲ್ಲವೂ ಒಬ್ಬ ಮುದಿ ಆಟಗಾರನ ಮಾತನ್ನೇ ಆಡುತ್ತಿದ್ದಿತು. ಹೆಸರು ಬೊರ್ಯೆ ಸಾಲ್ಮಿಂಗ್. ಅವನೂ ತಡೆಯುವ ಸ್ಥಾನದವನೇ. ನಮ್ಮೊಡನೆ ಮಾತು ಬಿಟ್ಟಿದ್ದ ಮೊಮ್ಮಗನು ಟೆಲಿವಿಷನ್ನಿನ ಮುಂದೆ ತಾನಾಗಿ ನಮ್ಮ ಪಕ್ಕಕ್ಕೆ ಸರಿದು ಕುಳಿತು, ಅವನ ಕಥೆಯನ್ನು ಹೇಳಿದನು. ಬಳಿಕ ನಾವೂ ಓದಿ ತಿಳಿದುಕೊಂಡೆವು.

ಸಾಲ್ಮಿಂಗನು 1951ರಲ್ಲಿ, ಸ್ವೀಡನ್ ದೇಶದ ಉತ್ತರದ ತುದಿಯಲ್ಲಿ, ಧ್ರುವವೃತ್ತದಿಂದಾಚೆಗಿರುವ ಕಿರುನ ಸೀಮೆಯಲ್ಲಿ ಹುಟ್ಟಿದನು. ತಂದೆಯ ಕಡೆಯವರು ಹಿಮಸಾರಂಗಗಳನ್ನು ಸಾಕುವ ಸಾಮಿ ಜನರು. ಆ ಊರಿನ ಬದುಕೆಲ್ಲವೂ ಕಬ್ಬಿಣದ ಅದಿರಿನ ಗಣಿಯದು. ಹುಡುಗನಿಗೆ ಐದು ವರುಷವಾಗಿದ್ದಾಗ ತಂದೆ ಗಣಿಯ ಅಪಘಾತದಲ್ಲಿ ತೀರಿಕೊಂಡನು. ಮುಂದೆ ಅಣ್ಣನಂತೆ ತಮ್ಮನೂ ಈ ಆಟದಲ್ಲಿ ಬೆಳೆದು, ಬ್ರೂನೆಸ್ ಎಂಬ ತಂಡದಲ್ಲಿ 1971ರಲ್ಲಿಯೂ 1972ರಲ್ಲಿಯೂ ಸ್ವೀಡನ್ನಿನ ಪ್ರಶಸ್ತಿ ಪಡೆದನು. 1973ರಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ಎಂಬ ತಂಡವು ಸಂಬಳ ಕೊಟ್ಟು ಅವನನ್ನು ಕರೆಸಿಕೊಂಡಿತು.

ಐರೋಪ್ಯರು ಆ ಪಂದ್ಯಾವಳಿಯಲ್ಲಿ ಆಡುವುದು ಅಂದು ತೀರ ಅಪೂರ್ವ. ಅವರು ಮೆತ್ತಗಿನವರು, ಪೆಟ್ಟಿಗೆ ಅಂಜುವವರು ಎಂಬುದು ಅಲ್ಲಿನವರ ಎಣಿಕೆ. ಎದುರು ಪಕ್ಷದವರು ಸ್ವೀಡನ್ನಿನ ಹೇಡಿಯೆಂದು ಹಂಗಿಸಿದರು. ಕೋಲಿನಿಂದ ಹೊಡೆದರು, ತಿವಿದರು. ಅವನು ಅದನ್ನು ಸಹಿಸಿ ನಿಂತುಕೊಂಡನು. ಗಂಟೆಗೆ ನೂರು ಮೈಲಿಯ ಆಸುಪಾಸಿನ ವೇಗದಲ್ಲಿ ಬರಬಲ್ಲ ಬಿಲ್ಲೆಗೆ ಮೈಯೊಡ್ಡಿ ಬೀಳುವುದೇ ಅವನ ನಿತ್ಯದ ಕೆಲಸ. 1986ರಲ್ಲಿ ಗೋಲಿನ ಮುಂದಿನ ನೂಕಾಟದಲ್ಲಿ ಮತ್ತೊಬ್ಬನ ಕಾಲಿನ ಅಲಗು ತಾಕಿ ಮುಖ ಸೀಳಿತು. ಇನ್ನೂರಕ್ಕೂ ಹೆಚ್ಚು ಹೊಲಿಗೆ ಹಾಕಬೇಕಾಯಿತು. ಅವನು ಮರಳಿ ಬಂದು ಆಡಿದನು.

ಟೊರಾಂಟೊ ತಂಡಕ್ಕಾಗಿ ಹದಿನಾರು ವರುಷಗಳಲ್ಲಿ ಅವನು ಆಡಿದ ಆಟಗಳು 1,099. ತಾನು ಹೊಡೆದ ಗೋಲು 148. ಇನ್ನೊಬ್ಬರು ಹೊಡೆಯುವಂತೆ ಬಿಲ್ಲೆಯನ್ನು ಒದಗಿಸಿ ಕೊಟ್ಟದ್ದು 620. ಗೃಹಸ್ಥರು ಈ ಎರಡು ಅಂಕಿಗಳನ್ನು ಒಂದು ಕ್ಷಣ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ತಡೆದದ್ದು ಎಷ್ಟೆಂಬುದು ಈ ಲೆಕ್ಕದಲ್ಲಿ ಸೇರಿಯೇ ಇಲ್ಲ. ಇಷ್ಟಾದರೂ ಆ ಪಂದ್ಯಾವಳಿಯ ಮಹಾಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಅವನ ಕಾಲದಲ್ಲಿ ಆ ತಂಡಕ್ಕೆ ಒಮ್ಮೆಯೂ ದೊರೆಯಲಿಲ್ಲ.

ಆದರೆ ಬೇರೊಂದು ದೊರೆಯಿತು. 1976ರಲ್ಲಿ ದೇಶದೇಶಗಳ ಪಂದ್ಯ ಟೊರಾಂಟೊದಲ್ಲಿ ನಡೆದಾಗ ಅವನು ಸ್ವೀಡನ್ನಿನ ಅಂಗಿ ತೊಟ್ಟು, ಎಂದರೆ ಪರಪಕ್ಷದವನಾಗಿ, ಅಂಗಳಕ್ಕಿಳಿದನು. ಹೆಸರು ಕೂಗಿದೊಡನೆ ಟೊರಾಂಟೊದ ಜನರೆಲ್ಲ ಎದ್ದುನಿಂತು ಬಹಳ ಹೊತ್ತು ಚಪ್ಪಾಳೆಯಿಕ್ಕಿದರು. ಹೇಡಿಯೆಂಬ ಮಾತಿಗೆ ಮೂರು ವರುಷದ ಮೇಲೆ ಬಂದ ಉತ್ತರವದು. 1996ರಲ್ಲಿ ಆ ಆಟದ ಕೀರ್ತಿಶಾಲಿಗಳ ಸಾಲಿಗೆ ಸೇರಿದ ಮೊದಲ ಸ್ವೀಡನ್ನಿನವನೂ ಅವನೇ ಆದನು.

ನಾವು ಟೆಲಿವಿಷನ್ನಿನಲ್ಲಿ ಕಂಡಾಗ ಅವನಿಗೆ ಎಪ್ಪತ್ತೊಂದು ವರುಷ. ನರಗಳು ಕ್ಷೀಣಿಸಿ ಮಾಂಸಖಂಡಗಳು ಸ್ವಾಧೀನ ತಪ್ಪುವ ರೋಗ. ಮಾತು ಆಗಲೇ ನಿಂತುಹೋಗಿತ್ತು. ಜನಸಮೂಹ ಎದ್ದು ಕೂಗುತ್ತಿದ್ದಿತು. ಪ್ರತಿವಂದನೆಗೆ ಕೈಯೆತ್ತಲು ಅವನಿಂದಾಗಲಿಲ್ಲ. ಹಳೆಯ ಜೊತೆಗಾರ ಡ್ಯಾರಿಲ್ ಸಿಟ್ಲರ್ ಪಕ್ಕದಲ್ಲಿ ನಿಂತು, ಕಣ್ಣೀರು ಸುರಿಸುತ್ತ, ಅವನ ಕೈಯನ್ನು ತಾನು ಹಿಡಿದು ಮೇಲಕ್ಕೆತ್ತಿದನು. ನಮ್ಮ ಹುಡುಗನು ಕಣ್ಣೊರೆಸಿಕೊಂಡನು. ನಾವು ಕನ್ನಡಕ ತೆಗೆದು ಒರೆಸಿದೆವು. ಅದೇ ತಿಂಗಳ 24ರಂದು ಸಾಲ್ಮಿಂಗನು ತೀರಿಕೊಂಡನು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಹೊರಗೆ ಹಿಮ ಬೀಳುತ್ತಿದ್ದಿತು; ನಮ್ಮ ಕಣ್ಣಿಗೆ ಕಟ್ಟಿದ್ದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಒಂದು ಶಾಲೆ, ಇಪ್ಪತ್ತೈದು ವರುಷದ ಹಿಂದಿನ ಒಬ್ಬ ಶಿಷ್ಯ. ಅವನು ದಿನವೂ ಮೊದಲನೆಯ ಪಾಠಕ್ಕೇ ತೂಕಡಿಸುತ್ತಿದ್ದನು. ಸೋಮಾರಿಯೆಂದು ನಾವು ಬೆತ್ತದಿಂದ ಹೊಡೆದೆವು. ಒಂದು ದಿನವಲ್ಲ, ಹಲವು ದಿನ. ಮರುವರುಷ ಅವನು ಶಾಲೆ ಬಿಟ್ಟನು. ಆ ಮೇಲೆ ತಿಳಿಯಿತು: ತಂದೆ ಕಾಯಿಲೆ ಬಿದ್ದಿದ್ದರಿಂದ ಹನ್ನೆರಡು ವರುಷದ ಆ ಬಾಲಕನು ರಾತ್ರಿಯೆಲ್ಲ ಹೊಲದ ಅಟ್ಟಣೆಯ ಮೇಲೆ ಕುಳಿತು ಕಾಡುಹಂದಿಗೂ ಆನೆಗೂ ತಮಟೆ ಬಡಿಯುತ್ತಿದ್ದನು. ಹಲಗೆಯ ಮೇಲೆ ನಾವು ಕ್ಷೇಮವೆಂದು ಬರೆಯುತ್ತಿದ್ದೆವು. ಅದರ ಅರ್ಥವು ಎದುರಿನ ಮಣೆಯ ಮೇಲೆ ತೂಕಡಿಸುತ್ತಿದ್ದಿತು.

ಸ್ವದೇಶಕ್ಕೆ ಹಿಂದಿರುಗಿದ ಮೇಲೆ, ರಾಗಿ ತೆನೆ ಕಟ್ಟುವ ಕಾಲದಲ್ಲಿ, ಗುಂಡ್ಲುಪೇಟೆಯ ಬಸ್ಸು ಹಿಡಿದು ಅವನ ಊರಿಗೆ ಹೋದೆವು. ಈಗ ಅವನಿಗೂ ಮಕ್ಕಳಿದ್ದಾರೆ. ಸಂಜೆ ಅಟ್ಟಣೆಯ ಬುಡದಲ್ಲಿ ಕುಳಿತು, ಅಂದು ಹೊಡೆದದ್ದು ನಮ್ಮ ತಪ್ಪು ಎಂದೆವು. ಅವನು ನಾಚಿ ನಕ್ಕು, "ಅದ್ಯಾಕ ಬುಡಿ ಸಾ. ಕಾಯ್ದದ್ದು ಯಾರ್ಗೂ ಕಾಣಲ್ಲ. ಕಾಯ್ದೆ ಇದ್ರ ಮಾತ್ರ ಊರ್ಗೆಲ್ಲ ಕಾಣ್ತದ" ಎಂದನು.

ಮೂವತ್ತೈದು ವರುಷ ಪಾಠ ಹೇಳಿದ ಪದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾವು ಕೇಳಿರಲಿಲ್ಲ. ನಮ್ಮ ಮನೆಗಳಲ್ಲಿಯೂ ಹೀಗೆಯೇ. ದುಡಿದು ತಂದವನ ಹೆಸರು ಹೊರಗೆ ಕೇಳುತ್ತದೆ. ದೀಪವಾರಿಸಿ, ಅಗುಳಿ ಹಾಕಿ, ಹಾಲಿಗೆ ಹೆಪ್ಪಿಟ್ಟು ಎಲ್ಲರಿಗಿಂತ ಕೊನೆಗೆ ಮಲಗುವವಳಿಗೆ ಚಪ್ಪಾಳೆ ಹೊಡೆಯುವವರಿಲ್ಲ. ಯೋಗಕ್ಕೆ ಸಾಕ್ಷಿಗಳು ಬಹಳ, ಕ್ಷೇಮಕ್ಕೆ ಕಡಮೆ.

ಈ ಸಂಗತಿಯನ್ನು ಮೊಮ್ಮಗನಿಗೆ ಫೋನಿನಲ್ಲಿ ತಿಳಿಸಿ, ಕಾರಿನಲ್ಲಿ ಆಡಿದ ಮಾತಿಗೆ ಅವನ ಕ್ಷಮೆಯನ್ನೂ ಕೇಳಿದೆವು. ಅವನು ಅದನ್ನು ಆಗಲೇ ಮರೆತಿದ್ದನು. ಅವನ ಚಿಂತೆ ಬೇರೆ. "ತಾತಾ, ಆನೆ ಬಂದರೆ ಅವರೊಬ್ಬರೇ ನಿಲ್ಲಬೇಕಾ? ನಮ್ಮಲ್ಲಿ ಯಾವಾಗಲೂ ಇಬ್ಬರು ಇರ್ತೀವಿ" ಎಂದನು.

ನಮ್ಮ ಬಳಿ ಉತ್ತರವಿರಲಿಲ್ಲ. ಈಗ ರಾಗಿಯ ಕಾಲದಲ್ಲಿ ನಾವು ಆಗಾಗ ಆ ಊರಿಗೆ ಹೋಗಿ ಒಂದೊಂದು ರಾತ್ರಿ ಅಟ್ಟಣೆಯ ಮೇಲೆ ಶಿಷ್ಯನ ಜೊತೆ ಕುಳಿತುಕೊಳ್ಳುತ್ತೇವೆ. ಕಣ್ಣು ಮಂದ, ಕಾಲು ಓಡಲಾರದು. ಆದರೆ ತಮಟೆ ಬಡಿಯಲು ಬರುತ್ತದೆ. ನಡುರಾತ್ರಿಯಲ್ಲಿ ಅವನು ತೂಕಡಿಸಿದರೆ ನಾವು ಎಬ್ಬಿಸುವುದಿಲ್ಲ.