ಒಂದೇ ಬ್ಲೇಡ್ ಸಾಕು ಎನ್ನುವವರಿಗೆ

ಟ್ರ್ಯಾಕ್ಟರ್ ಕೊಳ್ಳುವಾಗ ಊರಿಗೆ ಊರೇ ಸಲಹೆ ಕೊಡುತ್ತದೆ. ಎಷ್ಟು ಎಚ್‌ಪಿ, ಡೀಸೆಲ್ ಎಷ್ಟು ಕುಡಿಯುತ್ತದೆ, ಲಿಫ್ಟ್ ಎಷ್ಟು ಭಾರ ಎತ್ತುತ್ತದೆ, ನಾಲ್ಕು ವರ್ಷ ಬಿಟ್ಟು ಮಾರಿದರೆ ಎಷ್ಟಕ್ಕೆ ಹೋಗುತ್ತದೆ, ಎಲ್ಲದಕ್ಕೂ ಚಹಾದಂಗಡಿ ಕಟ್ಟೆಯ ಮೇಲೆ ಉತ್ತರ ಸಿದ್ಧವಿರುತ್ತದೆ. ಅದರ ಹಿಂದೆ ಕಟ್ಟುವ ಯಂತ್ರದ ಬ್ಲೇಡಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಲಕ್ಷಗಟ್ಟಲೆ ಸುರಿದು ತಂದ ಟ್ರ್ಯಾಕ್ಟರಿನ ಬಲವೆಲ್ಲ ಕೊನೆಗೆ ಅಂಗೈಯಷ್ಟು ಅಗಲದ ಒಂದು ಕಬ್ಬಿಣದ ತುಂಡಿನ ಅಂಚಿಗೆ ಬಂದು ಮುಟ್ಟುತ್ತದೆ. ಆ ಅಂಚು ಮೊಂಡಾಗಿದ್ದರೆ ಐವತ್ತು ಎಚ್‌ಪಿಯೂ ಒಂದೇ, ಮೂವತ್ತೂ ಒಂದೇ. ಅದಕ್ಕೇ ಈ ಸಲ ಬ್ಲೇಡಿನ ಮಾತು ಆಡೋಣ.

ನಾನು ಹೇಳುತ್ತಿರುವುದು ಮಲ್ಚರ್ ಬಗ್ಗೆ. ಮುಧೋಳ, ಜಮಖಂಡಿ, ಅಥಣಿ, ಚಿಕ್ಕೋಡಿ ಸೀಮೆಯಲ್ಲಿ ರವದಿ ಪುಡಿ ಮಾಡುವ ಮಷಿನ್ ಎಂದರೆ ಚಿಕ್ಕ ಹುಡುಗರಿಗೂ ಗೊತ್ತು. ಕಬ್ಬು ಕಡಿದು ಟ್ರ್ಯಾಲಿ ಕಾರ್ಖಾನೆ ದಾರಿ ಹಿಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಯೇ ರವದಿ. ಮಂಡ್ಯದ ಕಡೆ ತರಗು ಎನ್ನುತ್ತಾರೆ. ಎಕರೆಗೆ ಮೂರು ನಾಲ್ಕು ಟನ್ ಬೀಳುತ್ತದೆ. ಕಡ್ಡಿ ಗೀರಿದರೆ ಸ್ವಲ್ಪ ಹೊತ್ತಿನಲ್ಲೇ ಹೊಲ ಖಾಲಿ. ಆದರೆ ಅದರ ಜೊತೆಗೆ ಎಲೆಯಲ್ಲಿದ್ದ ಸಾರಜನಕವೂ ಇಂಗಾಲವೂ ಗಾಳಿಗೆ ಹೋಗುತ್ತವೆ, ಮೇಲ್ಮಣ್ಣಿನ ಜೀವಿಗಳೂ ಸಾಯುತ್ತವೆ. ಅದೇ ರವದಿಯನ್ನು ಪುಡಿ ಮಾಡಿ ಹೊಲದಲ್ಲೇ ಹಾಸಿದರೆ ಕೂಳೆ ಕಬ್ಬಿಗೆ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ, ಮುಂದೆ ಅದೇ ಗೊಬ್ಬರ. ಬೆಂಕಿ ಹಚ್ಚುವವರನ್ನು ಬೈದು ಪ್ರಯೋಜನವಿಲ್ಲ. ಪುಡಿ ಮಾಡುವ ಮಷಿನ್ ಸರಿಯಾಗಿ ಪುಡಿ ಮಾಡಿದರೆ ಅವರೇ ಕಡ್ಡಿಪೆಟ್ಟಿಗೆ ಒಳಗಿಡುತ್ತಾರೆ. ಮೊಂಡು ಬ್ಲೇಡಿನ ಮಷಿನ್ ಬಂದು ರವದಿಯನ್ನು ಎತ್ತಿ ಉದ್ದುದ್ದಕ್ಕೆ ಎಸೆದು ಹೋದರೆ, ಬಾಡಿಗೆ ಕೊಟ್ಟವನು ಮುಂದಿನ ವರ್ಷ ಮತ್ತೆ ಬೆಂಕಿಯನ್ನೇ ನಂಬುತ್ತಾನೆ. ಇಷ್ಟು ಚಿಕ್ಕ ವಸ್ತುವಿನ ಮೇಲೆ ಇಷ್ಟು ದೊಡ್ಡ ಮಾತು ನಿಂತಿದೆ.

ಯಂತ್ರ ಸರಳವಾದದ್ದೇ. ಟ್ರ್ಯಾಕ್ಟರಿನ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಗೇರ್‌ಬಾಕ್ಸ್, ಪುಲ್ಲಿ, ಬೆಲ್ಟ್‌ಗಳ ಮೂಲಕ ಆ ವೇಗ ಹೆಚ್ಚಾಗಿ ಒಳಗಿನ ರೋಟರ್ ಸುಮಾರು ಎರಡು ಸಾವಿರ ಸುತ್ತು ಹೊಡೆಯುತ್ತದೆ. ರೋಟರ್ ಮೈಮೇಲೆ ಸುರುಳಿಯ ಸಾಲಿನಲ್ಲಿ ಕಿವಿಗಳನ್ನು ಬೆಸುಗೆ ಹಾಕಿರುತ್ತಾರೆ. ಒಂದೊಂದು ಕಿವಿಗೂ ಬೋಲ್ಟಿನಲ್ಲಿ ಒಂದೊಂದು ಬ್ಲೇಡ್ ಜೋತಾಡುತ್ತಿರುತ್ತದೆ. ಸುರುಳಿಯೇ ಏಕೆಂದರೆ, ಎಲ್ಲ ಬ್ಲೇಡ್‌ಗಳೂ ಒಟ್ಟಿಗೆ ರವದಿಗೆ ಬಡಿದರೆ ಟ್ರ್ಯಾಕ್ಟರ್ ಮುಗ್ಗರಿಸುತ್ತದೆ. ಒಂದರ ಹಿಂದೆ ಒಂದು ಬಡಿದರೆ ಭಾರ ಹಂಚಿಹೋಗುತ್ತದೆ. ನಿಂತಾಗ ಜೋತುಬೀಳುವ ಬ್ಲೇಡ್, ತಿರುಗುವಾಗ ಹೊರಕ್ಕೆ ಚಾಚಿ ನೆಟ್ಟಗೆ ನಿಲ್ಲುತ್ತದೆ. ಕಲ್ಲು ಸಿಕ್ಕರೆ ಹಿಂದಕ್ಕೆ ಮಡಚಿಕೊಂಡು ಪಾರಾಗುತ್ತದೆ. ರೋಟವೇಟರಿನ ಬ್ಲೇಡಿನಂತೆ ಬಿಗಿಯಾಗಿ ಕೂತಿದ್ದರೆ ಮೊದಲ ಕಲ್ಲಿಗೇ ಮುರಿಯುತ್ತಿತ್ತು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ರೋಟರಿನ ನಡುವಿನಿಂದ ಬ್ಲೇಡಿನ ತುದಿಗೆ 20 ಸೆಂಟಿಮೀಟರ್ ಇದ್ದರೆ, ಎರಡು ಸಾವಿರ ಸುತ್ತಿನಲ್ಲಿ ಆ ತುದಿ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಆ ವೇಗಕ್ಕೆ ಬ್ಲೇಡ್ ತನ್ನ ತೂಕದ ಸುಮಾರು ಏಳುನೂರೈವತ್ತು ಪಟ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ಒಂದು ಕೆಜಿಯ ಸುತ್ತಿಗೆ ಬ್ಲೇಡ್ ತನ್ನ ಬೋಲ್ಟನ್ನು ಏಳೂವರೆ ಕ್ವಿಂಟಲ್ ಭಾರದಿಂದ ಜಗ್ಗುತ್ತಿರುತ್ತದೆ ಎಂದಾಯಿತು. ಎದುರುಬದುರಿನ ಎರಡು ಬ್ಲೇಡ್‌ಗಳ ತೂಕ ಸಮ ಇದ್ದರೆ ಒಂದರ ಎಳೆತವನ್ನು ಇನ್ನೊಂದು ಸರಿದೂಗಿಸುತ್ತದೆ. ಒಂದು ಸವೆದು ನೂರು ಗ್ರಾಂ ಹಗುರವಾದರೆ? ಎಪ್ಪತ್ತೈದು ಕೆಜಿಯ ಎಳೆತ ಒಂದೇ ಕಡೆಗೆ ಉಳಿಯುತ್ತದೆ, ಸೆಕೆಂಡಿಗೆ 33 ಸಲ ರೋಟರಿನ ಎರಡೂ ಕಡೆಯ ಬೇರಿಂಗಿಗೆ ಗುದ್ದುತ್ತದೆ. ಬೇರಿಂಗ್ ಎಷ್ಟು ದಿನ ತಾಳೀತು?

ಪಾರ್ಟ್ಸ್ ಅಂಗಡಿಯಲ್ಲಿ ಒಮ್ಮೆ ಕೇಳಿದ ಮಾತು. ಹಿರಿಯರೊಬ್ಬರು ಮುರಿದ ಬ್ಲೇಡನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು.

"ಇಂಥಾದ್ದ ಒಂದ ಕೊಡಪಾ, ಸಾಕು."

"ಕಾಕಾ, ಒಂದ ಹಾಕಿದ್ರ ಮಷಿನ್ ಕುಣೀತೈತ್ರಿ. ಎರಡ ಒಯ್ರಿ. ಎದುರಿಂದೂ ಬಿಚ್ಚಿ ಹೊಸಾದ ಹಾಕ್ರಿ."

"ಅದಕ್ಕೇನೂ ಆಗಿಲ್ಲಲ್ಲೋ?"

"ಆಗಿಲ್ರಿ. ಆದ್ರ ಅದು ಸವದೈತಿ, ಇದು ಸವದಿಲ್ಲ."

ಅಂಗಡಿಯ ಹುಡುಗ ವ್ಯಾಪಾರಕ್ಕಾಗಿ ಹಾಗೆ ಹೇಳುತ್ತಿದ್ದಾನೆ ಎಂದು ಹಿರಿಯರಿಗೆ ಅನ್ನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ. ಹೊಸದೂ ಹಳೆಯದೂ ಎದುರುಬದುರು ಕೂತರೆ ಒಂದು ರೆಕ್ಕೆ ಬಾಗಿದ ಸೀಲಿಂಗ್ ಫ್ಯಾನಿನ ಹಾಗೆ ಯಂತ್ರವೆಲ್ಲ ಅದುರುತ್ತದೆ. ಬಿಚ್ಚಿದ ಹಳೆಯ ಬ್ಲೇಡನ್ನು ಎಸೆಯಬೇಕಿಲ್ಲ. ತೆಗೆದಿಟ್ಟರೆ ಅದೇ ತೂಕದ ಜೊತೆ ಸಿಕ್ಕಾಗ ಮತ್ತೆ ಹಾಕಬಹುದು. ಸಾಲಿನಲ್ಲಿ ಅರ್ಧಕ್ಕರ್ಧ ಸವೆದಿದ್ದರೆ ಜೋಡಿ ಹುಡುಕುವ ಗೋಜಿಗೇ ಹೋಗದೆ ಇಡೀ ಸೆಟ್ ಬದಲಿಸುವುದೇ ಮೇಲು.

ನಾನು ಕಂಡ ಒಳ್ಳೆಯ ಉಪಾಯವೆಂದರೆ ಕಿರಾಣಿ ಅಂಗಡಿಯ ತಕ್ಕಡಿ. ಒಂದೇ ಡಬ್ಬಿಯಿಂದ ತೆಗೆದ ಹೊಸ ಬ್ಲೇಡ್‌ಗಳಲ್ಲೂ ಹತ್ತಿಪ್ಪತ್ತು ಗ್ರಾಂ ಹೆಚ್ಚುಕಡಿಮೆ ಇರಬಹುದು. ಒಂದೊಂದನ್ನೇ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು, ತೂಕವನ್ನು ಅದರ ಮೈಮೇಲೆ ಸೀಮೆಸುಣ್ಣದಲ್ಲಿ ಬರೆದು, ಹತ್ತಿರ ಹತ್ತಿರದವನ್ನು ಎದುರುಬದುರು ಹಾಕುವ ಮೆಕ್ಯಾನಿಕ್ ನಿಮ್ಮೂರಿನಲ್ಲಿದ್ದರೆ ಅವನನ್ನು ಬಿಡಬೇಡಿ.

ಇನ್ನು ಯಾವ ಬ್ಲೇಡ್ ಎಂಬ ಪ್ರಶ್ನೆ. ಹೊಲದಲ್ಲಿ ಏನಿದೆ ಎನ್ನುವುದರ ಮೇಲೆ ಅದು ತೀರ್ಮಾನವಾಗಬೇಕು. ಬಾಗಿದ ಎರಡು ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿದ ವೈ ಆಕಾರದ ಬ್ಲೇಡ್ ಹಗುರ. ಹುಲ್ಲು, ಕಳೆ, ಒಣ ಎಲೆಗೆ ಚೆನ್ನಾಗಿ ಒಗ್ಗುತ್ತದೆ, ಟ್ರ್ಯಾಕ್ಟರಿಗೂ ಭಾರವಿಲ್ಲ. ಎರಡೂ ಅಂಚು ಹರಿತವಿರುವ ಜಾತಿಯದಾದರೆ ಒಂದು ಕಡೆ ಸವೆದ ಮೇಲೆ ತಿರುಗಿಸಿ ಹಾಕಿ ಇನ್ನೊಂದಿಷ್ಟು ದಿನ ದುಡಿಸಿಕೊಳ್ಳಬಹುದು. ಸುತ್ತಿಗೆ ಬ್ಲೇಡ್ ದಪ್ಪ, ಭಾರ. ಕತ್ತರಿಸುವುದಕ್ಕಿಂತ ಬಡಿದು ಸೀಳುವುದು ಅದರ ಕೆಲಸ. ರಾಯಚೂರಿನ ಹತ್ತಿ ಕಟ್ಟಿಗೆಗೆ, ತಿಪಟೂರಿನ ತೆಂಗಿನ ಮಟ್ಟೆಗೆ, ವಿಜಯಪುರದ ದ್ರಾಕ್ಷಿ ತೋಟದಲ್ಲಿ ಏಪ್ರಿಲ್ ಮತ್ತು ಅಕ್ಟೋಬರಿನ ಚಾಟನಿಯ ನಂತರ ಬೀಳುವ ಕಡ್ಡಿಗೆ ಸುತ್ತಿಗೆಯೇ ಬೇಕು. ಬರೀ ರವದಿಗೆ ಸುತ್ತಿಗೆ ಹಾಕಿದರೂ ನಡೆಯುತ್ತದೆ, ಡೀಸೆಲ್ ಹೆಚ್ಚು ಸುಡುತ್ತದೆ ಅಷ್ಟೆ. ಹತ್ತಿ ಕಟ್ಟಿಗೆಗೆ ವೈ ಹಾಕಿದರೆ ಮಾತ್ರ ಪಟ್ಟಿಗಳು ಬಾಗಿ ಬರುತ್ತವೆ. ಅಂಗಡಿಗೆ ಹೋಗುವಾಗ ಹಳೆಯ ಬ್ಲೇಡ್ ಕೈಯಲ್ಲಿರಲಿ. ತೂತಿನ ಅಳತೆ, ದಪ್ಪ, ಬಾಗಿದ ಕೋನ, ಎಡದ್ದೋ ಬಲದ್ದೋ, ಇವನ್ನು ಬಾಯಲ್ಲಿ ಹೇಳಿ ತಂದವರು ಎರಡನೇ ಸಲ ಪೇಟೆಗೆ ಹೋಗುವುದು ಖಂಡಿತ.

ಕಬ್ಬಿನ ಎಲೆ ನೋಡಲು ಮೆತ್ತಗಿದ್ದರೂ ಅದರಲ್ಲಿ ಸಿಲಿಕಾ ಇದೆ, ಮರಳಿನಲ್ಲಿರುವ ಅದೇ ವಸ್ತು. ಕಬ್ಬು ಕಡಿಯುವವರ ಕೈ ಗೀರುವುದು ಅದೇ, ಬ್ಲೇಡಿನ ಅಂಚನ್ನು ಉಜ್ಜಿ ಉಜ್ಜಿ ದುಂಡಗೆ ಮಾಡುವುದೂ ಅದೇ. ಇದರ ಮೇಲೆ ಮಷಿನನ್ನು ಕೆಳಗಿಳಿಸಿ ಮಣ್ಣು ತಾಗಿಸಿಕೊಂಡು ಓಡಿಸಿದರೆ ಸವೆತ ಇನ್ನೂ ಬೇಗ. ಹಿಂದಿನ ರೋಲರ್ ಮತ್ತು ಪಕ್ಕದ ಸ್ಕಿಡ್ ಇರುವುದೇ ಎತ್ತರ ಕಾಯುವುದಕ್ಕೆ. ಹಿಂದಿನ ಮುಚ್ಚಳ ಎತ್ತಿ ಬ್ಲೇಡಿನ ಸಾಲನ್ನು ನೋಡಿದರೆ ಹೊಲವೇ ಕಾಣುತ್ತದೆ: ಬೋದು ಬರುವ ಜಾಗದ ಬ್ಲೇಡ್‌ಗಳು ಸವೆದು ಗಿಡ್ಡಾಗಿರುತ್ತವೆ, ಸಾಲಿನ ಮೇಲೆ ಬರುವವು ಹೊಸದರಂತೆಯೇ ಇರುತ್ತವೆ.

ಮೊಂಡಾದದ್ದನ್ನು ಮಸೆಯಬಾರದೇ? ಮಸೆಯಬಹುದು, ಹದ ಕೆಡದಂತೆ. ಈ ವಿಷಯದಲ್ಲಿ ನಮ್ಮ ಕಮ್ಮಾರರನ್ನು ಕೇಳಬೇಕು. ಲಾರಿಯ ಹಳೆಯ ಕಮಾನ್ ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಸಿ, ಬಡಿದು, ಕುಡುಗೋಲು ಮಾಡಿ, ಅಂಚನ್ನಷ್ಟೇ ನೀರಿಗೆ ಅದ್ದಿ ಎತ್ತಿ, ಬಣ್ಣ ಓಡುವುದನ್ನು ನೋಡುತ್ತ ಕೂರುತ್ತಾರೆ. ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೀಲಿ. ಹಳದಿ ಎಂದರೆ ಸುಮಾರು 220 ಡಿಗ್ರಿ, ನೀಲಿ ಎಂದರೆ ಸುಮಾರು 300. ಥರ್ಮಾಮೀಟರ್ ಇಲ್ಲದೆ ಕಣ್ಣಿನಲ್ಲೇ ಅಳೆಯುವ ಆ ವಿದ್ಯೆಗೆ ನಾನು ತಲೆಬಾಗುತ್ತೇನೆ. ಗ್ರೈಂಡರಿಗೆ ಬ್ಲೇಡನ್ನು ಒತ್ತಿ ಹಿಡಿದಾಗ ಅಂಚಿನಲ್ಲಿ ಓಡುವುದೂ ಅದೇ ಬಣ್ಣ. ನೀಲಿ ಕಂಡಿತೆಂದರೆ ಅಂಚು ಮೆತ್ತಗಾಯಿತೆಂದೇ ಲೆಕ್ಕ. ಎರಡು ದಿನಕ್ಕೆ ಮತ್ತೆ ಮೊಂಡು. ಹಗುರವಾಗಿ ಮುಟ್ಟಿಸಿ, ನೀರಿಗೆ ಅದ್ದುತ್ತ ಮಸೆಯಬೇಕು, ಎದುರಿನದನ್ನೂ ಅಷ್ಟೇ ಮಸೆಯಬೇಕು. ಕಮಾನ್ ಪಟ್ಟಿಯಲ್ಲೇ ಮಲ್ಚರ್ ಬ್ಲೇಡ್ ಮಾಡಿಸಿಕೊಳ್ಳುವವರೂ ಇದ್ದಾರೆ. ಕುಡುಗೋಲಿಗೆ ಆ ಉಕ್ಕು ಬಂಗಾರ. ಗಂಟೆಗೆ 150 ಕಿಲೋಮೀಟರ್ ಓಡುವ ಬ್ಲೇಡಿಗೆ ಬೇಡ. ಅಂಚು ಗಡಸು, ಮೈ ಬಾಗಿದರೂ ಮುರಿಯದಷ್ಟು ಗಟ್ಟಿ, ಈ ಎರಡೂ ಒಂದೇ ಹದದಲ್ಲಿ ಇಪ್ಪತ್ತು ತುಂಡುಗಳಿಗೂ ಬರಬೇಕು. ಮುರಿದ ಚೂರು ಹಾರಿದರೆ ಗುಂಡಿನಷ್ಟೇ ಅಪಾಯ.

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ರೋಲರಿನ ಹಲ್ಲಿಗೆ ಅದು ತಿರುಗುತ್ತಿರುವಾಗಲೇ ವೆಲ್ಡಿಂಗ್ ಹಾಕಿ ಗಡಸು ಲೇಪ ಕೊಡುತ್ತಾರೆ. ಅದನ್ನು ಕಂಡವರು ಬ್ಲೇಡಿಗೂ ವೆಲ್ಡಿಂಗ್ ಹಾಕಿಸುತ್ತಾರೆ. ರೋಲರ್ ತಿರುಗುವುದು ನಿಧಾನ, ಅಲ್ಲಿ ಅದು ನಡೆಯುತ್ತದೆ. ಇಲ್ಲಿ ಒಂದು ಬ್ಲೇಡಿಗೆ ಬಿದ್ದ ಹೆಚ್ಚಿನ ವೆಲ್ಡಿಂಗೇ ಅಸಮತೋಲ. ರೋಟರಿನ ಕೊಳವೆಯ ಮೇಲೆ ಅಲ್ಲಲ್ಲಿ ಚಿಕ್ಕ ಚಿಕ್ಕ ಕಬ್ಬಿಣದ ಚೂರು ಅಂಟಿಸಿರುವುದನ್ನು ನೋಡಿರಬಹುದು. ತೂಕ ಸರಿದೂಗಿಸಲು ಕಾರ್ಖಾನೆಯಲ್ಲೇ ಹಾಕಿದ್ದು ಅದು; ಅಡ್ಡ ಬರುತ್ತದೆಂದು ಕೆರೆದು ತೆಗೆಯಬೇಡಿ.

ಬೋಲ್ಟಿನ ಮಾತು ಬ್ಲೇಡಿಗಿಂತ ದೊಡ್ಡದು. ಬಿಚ್ಚಿದ ಹಳೆಯ ಬೋಲ್ಟನ್ನು ಬೆರಳಿನಲ್ಲಿ ಸವರಿ ನೋಡಿ: ಬ್ಲೇಡ್ ಉಯ್ಯಾಲೆಯಾಡಿದ ಜಾಗದಲ್ಲಿ ಒಂದು ಕಡೆ ತಗ್ಗು ಬಿದ್ದಿರುತ್ತದೆ, ಉಗುರು ಸಿಕ್ಕಿಕೊಳ್ಳುತ್ತದೆ. ಹೊಸ ಬ್ಲೇಡನ್ನು ಅದೇ ಬೋಲ್ಟಿಗೆ ಹಾಕುವುದು ತಪ್ಪು. ಬೋಲ್ಟಿನ ತಲೆಯ ಮೇಲೆ 8.8, 10.9 ಎಂದು ಕೊರೆದಿರುತ್ತದೆ. 10.9 ಎಂದರೆ ಒಂದು ಚದರ ಮಿಲಿಮೀಟರಿಗೆ ಸುಮಾರು ಸಾವಿರ ನ್ಯೂಟನ್ ಎಳೆತಕ್ಕೆ ತುಂಡಾಗುತ್ತದೆ, ಅದರ ನೂರಕ್ಕೆ ತೊಂಬತ್ತರವರೆಗೆ ಹಿಗ್ಗದೆ ತಾಳುತ್ತದೆ ಎಂದರ್ಥ. ಹಾರ್ಡ್‌ವೇರ್ ಅಂಗಡಿಯ ಸಾದಾ 4.6 ಬೋಲ್ಟ್ ಇದರ ಅರ್ಧವೂ ತಾಳುವುದಿಲ್ಲ. ಬೋಲ್ಟಿನ ನುಣುಪಾದ ಭಾಗದ ಮೇಲೆ ಬ್ಲೇಡ್ ಕೂರಬೇಕು. ಮರೆಯ (ಥ್ರೆಡ್) ಮೇಲೆ ಕೂತರೆ ಮರೆ ಗರಗಸದ ಹಾಗೆ ತೂತನ್ನು ತಿನ್ನುತ್ತದೆ. ನೈಲಾನ್ ಬಳೆಯಿರುವ ನಟ್ ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕಿ. ಬಿಗಿ ಮಾಡಿದ ಮೇಲೆ ಬ್ಲೇಡನ್ನು ಎತ್ತಿ ಬಿಟ್ಟರೆ ತಾನಾಗಿ ಬೀಳಬೇಕು. ಬೀಳದೆ ನಿಂತರೆ ಕಲ್ಲಿಗೆ ಮಡಚಿಕೊಳ್ಳುವುದೂ ಇಲ್ಲ.

ಈ ಕೆಲಸಕ್ಕೆ ಕೂರುವ ಮೊದಲು ಎಂಜಿನ್ ಬಂದ್, ಕೀಲಿ ಜೇಬಿನಲ್ಲಿ, ಪಿಟಿಒ ಶಾಫ್ಟ್ ಬಿಚ್ಚಿ ಪಕ್ಕಕ್ಕೆ, ಮಷಿನಿನ ಕೆಳಗೆ ದಪ್ಪ ಮರದ ದಿಮ್ಮಿ. ಹೈಡ್ರಾಲಿಕ್ ಎತ್ತಿ ಹಿಡಿದಿದೆ ಎಂದು ಕೆಳಗೆ ಕೈ ಹಾಕಬೇಡಿ; ಯಾರಾದರೂ ಮಕ್ಕಳು ಸೀಟಿನ ಮೇಲೆ ಹತ್ತಿ ಲಿವರ್ ಮುಟ್ಟಿದರೆ ಮುಗಿಯಿತು. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಅದನ್ನೂ ಅದೇ ದಿನ ತರಿಸಿ. ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುವ ಶಾಫ್ಟಿಗೆ ಹೆಗಲ ಮೇಲಿನ ಟವೆಲ್ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಕಬ್ಬಿನ ಹೊಲದಲ್ಲಿ ಬೇರಿಂಗ್ ಸಾಯಿಸುವ ಇನ್ನೊಂದು ವಸ್ತು ಡ್ರಿಪ್ ಪೈಪ್. ಎತ್ತದೆ ಬಿಟ್ಟ ಒಂದು ತುಂಡು ಸಾಕು. ರೋಟರಿನ ತುದಿಗೆ ಸುತ್ತಿಕೊಂಡು, ಬಿಸಿಗೆ ಕರಗಿ, ಕರಿಯ ಬಳೆಯಾಗಿ ಗಟ್ಟಿಯಾಗುತ್ತದೆ. ಅದು ಸೀಲನ್ನು ಒತ್ತಿ ಕಿತ್ತ ಮೇಲೆ ಗ್ರೀಸ್ ಹೊರಗೆ, ದೂಳು ಒಳಗೆ. ಚಾಕು ಹಿಡಿದು ಅದನ್ನು ಕೊಯ್ದು ತೆಗೆಯುವುದು ದಿನದ ಕೊನೆಯ ಕೆಲಸವಾಗಬೇಕು, ಗ್ರೀಸ್ ಗನ್ ಹಿಡಿಯುವಾಗಲೇ. ಬೆಲ್ಟ್‌ಗಳದ್ದು ಹೆಚ್ಚು ಹೇಳುವುದಿಲ್ಲ: ಒಂದು ಹರಿದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಇಲ್ಲದಿದ್ದರೆ ಹೊಸದೊಂದೇ ಭಾರವೆಲ್ಲ ಹೊತ್ತು ಅದೂ ಹೋಗುತ್ತದೆ.

ಮಷಿನ್ ಸ್ವಂತದ್ದಲ್ಲ, ಬಾಡಿಗೆಯದು ಎನ್ನುವವರೇ ಹೆಚ್ಚು. 2014-15ರಲ್ಲಿ ಕೃಷಿ ಯಂತ್ರಧಾರೆ ಶುರುವಾದ ಮೇಲೆ ಸಣ್ಣ ಹಿಡುವಳಿದಾರರಿಗೂ ದೊಡ್ಡ ಯಂತ್ರ ಬಾಡಿಗೆಗೆ ಸಿಗುವಂತಾಯಿತು, ಒಳ್ಳೆಯದೇ. ಆದರೆ ಎಲ್ಲರದ್ದೂ ಆದ ಬ್ಲೇಡ್ ಯಾರದ್ದೂ ಅಲ್ಲ. ಹಣ ಕೊಡುವ ಮೊದಲು ಮುಚ್ಚಳ ಎತ್ತಿ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಬ್ಲೇಡ್ ಇಲ್ಲದ ಖಾಲಿ ಕಿವಿ ಒಂದೇ ಒಂದು ಕಂಡರೂ ಆ ಮಷಿನ್ ಬೇಡ ಎನ್ನಿ.

ಕಾರ್ಖಾನೆಗಳು ಕಬ್ಬು ಅರೆಯಲು ತೊಡಗುವುದು ಸಾಮಾನ್ಯವಾಗಿ ಅಕ್ಟೋಬರ್, ನವೆಂಬರಿನಲ್ಲಿ. ಅದಕ್ಕೆ ಸ್ವಲ್ಪ ಮೊದಲೇ ಖಂಡೇ ಪೂಜೆ, ಅಂದರೆ ಆಯುಧ ಪೂಜೆ ಬರುತ್ತದೆ. ಆ ದಿನ ಟ್ರ್ಯಾಕ್ಟರ್ ತೊಳೆದು, ಮಾಲೆ ಹಾಕಿ, ಕುಂಬಳಕಾಯಿ ಒಡೆಯುತ್ತೀರಲ್ಲ, ಅದರ ಹಿಂದಿನ ದಿನ ಮಲ್ಚರಿನ ಮುಚ್ಚಳವನ್ನೂ ಎತ್ತಿ ಒಂದೊಂದು ಬ್ಲೇಡನ್ನೂ ಕೈಯಿಂದ ಅಲ್ಲಾಡಿಸಿ ನೋಡಿ. ಸವೆದದ್ದು ಒಂದೇ ಕಂಡರೂ ಅಂಗಡಿಯಲ್ಲಿ ಎರಡು ಕೇಳಿ, ಬೋಲ್ಟ್ ನಟ್ ಸಮೇತ.