ಎರಡು ಮಿಲಿಮೀಟರಿನ ತಕರಾರು

ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಎಂಟು ಗಂಟೆಗೆ, ಸಿವಿಲ್ ಡಿಪ್ಲೊಮಾ ಓದುವ ಮಗಳು ಜೆರಾಕ್ಸ್ ಅಂಗಡಿಯಿಂದ ನಾಲ್ಕು ಎ3 ಹಾಳೆಗಳ ಸುರುಳಿ ಹಿಡಿದು ಮನೆಗೆ ಬಂದಳು. ಮೂರು ವಾರ ಆಟೊಕ್ಯಾಡ್ ಮುಂದೆ ಕೂತು ಎಳೆದ ಪುಟ್ಟ ಮನೆಯೊಂದರ ನಕ್ಷೆ. ಅಪ್ಪ ನೋಡಿ ‘ಚೆನ್ನಾಗಿದೆ’ ಎಂದರೆ ಊಟ ಮಾಡಿ ಮಲಗುವುದೆಂದು ಅವಳ ಲೆಕ್ಕ.

ಅಪ್ಪ ನಿವೃತ್ತ ಡ್ರಾಫ್ಟ್ಸ್‌ಮನ್. ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆದು, ತಪ್ಪಿದ್ದನ್ನು ಬ್ಲೇಡಿನಿಂದ ಹೆರೆದು ತಿದ್ದಿ, ಅಮೋನಿಯಾ ವಾಸನೆಯ ಪ್ರಿಂಟುಗಳ ನಡುವೆ ನೌಕರಿ ಕಳೆದವರು. ಅವರು ನಕ್ಷೆಯ ಅಂದ ನೋಡಲು ಹೋಗಲಿಲ್ಲ. ಬೀರುವಿನಿಂದ ಹಳೆಯ ಸ್ಕೇಲು ತಂದು ಮಲಗುವ ಕೋಣೆಯ ಮೇಲಿಟ್ಟರು.

“ಈ ಕೋಣೆ ಎಷ್ಟಮ್ಮಾ?”

“3.6 ಮೀಟರ್. ಬರೆದಿದೀನಲ್ಲಪ್ಪ.”

“ನೀನು ಬರೆದಿದೀಯ. ಹಾಳೆ 3.5 ಅಂತಿದೆ.”

1:50 ಪ್ರಮಾಣದಲ್ಲಿ 3.6 ಮೀಟರ್ ಎಂದರೆ ಹಾಳೆಯ ಮೇಲೆ 72 ಮಿಲಿಮೀಟರ್ ಇರಬೇಕು. ಸ್ಕೇಲು ತೋರಿಸಿದ್ದು 70. ಎರಡು ಮಿಲಿಮೀಟರು ಯಾವ ಮಹಾ ಎನ್ನಬಹುದು. ನೆಲದ ಮೇಲೆ ಅದು ಹತ್ತು ಸೆಂಟಿಮೀಟರ್. ಮಂಚ ಹಾಕಿದ ಕೋಣೆಯಲ್ಲಿ ಬೀರುವಿನ ಬಾಗಿಲು ಪೂರ್ತಿ ತೆರೆಯದಿರಲು ಅಷ್ಟು ಸಾಕು.

ಮಗಳಿಗೆ ಅಳುವೇ ಬಂತು. ಲ್ಯಾಪ್‌ಟಾಪ್ ತೆರೆದು ತೋರಿಸಿದಳು: ಕಂಪ್ಯೂಟರಿನಲ್ಲಿ ಕೋಣೆ ಸರಿಯಾಗಿ 3600 ಮಿಲಿಮೀಟರ್ ಇದೆ. ಅಪ್ಪನಿಗೆ ಹೊಸದೆನಿಸಿದ್ದು ಇದೇ. ಅವರ ಕಾಲದಲ್ಲಿ ಮೊದಲ ಗೆರೆ ಎಳೆಯುವ ಮುನ್ನವೇ ಪ್ರಮಾಣ ನಿಶ್ಚಯವಾಗಬೇಕಿತ್ತು. ಈಗಿನವರು ಮನೆಯನ್ನು ಅದರ ನಿಜ ಅಳತೆಯಲ್ಲೇ ಎಳೆಯುತ್ತಾರೆ; ಪ್ರಮಾಣದ ಮಾತು ಬರುವುದು ಹಾಳೆಗಿಳಿಸುವಾಗ, ಅಂದರೆ ಪ್ಲಾಟ್ ಮಾಡುವಾಗ. ಎಡವುವುದೂ ಅಲ್ಲೇ.

ಆದರೆ ಮಗಳು ಅಲ್ಲಿ ಎಡವಿರಲಿಲ್ಲ. ಪ್ಲಾಟ್ ಕಿಟಕಿಯಲ್ಲಿ 1:50 ಎಂದೇ ಕೊಟ್ಟು ಪಿಡಿಎಫ್ ಮಾಡಿದ್ದಳು. ಅಂಗಡಿಯ ಹುಡುಗ ಪ್ರಿಂಟ್ ಕೊಡುವಾಗ ‘ಫಿಟ್’ ಎಂಬ ಗುಂಡಿ ಒತ್ತಿದ್ದ. ಹಾಳೆಯ ಅಂಚಿಗೆ ಜಾಗ ಬಿಡಲು ಯಂತ್ರ ಇಡೀ ಮನೆಯನ್ನೇ ಚೂರು ಕುಗ್ಗಿಸಿತು. ಮದುವೆ ಕರೆಯೋಲೆಗೆ ಅದರಿಂದ ನಷ್ಟವಿಲ್ಲ, ಹುಡುಗನನ್ನು ಬೈಯುವುದೂ ನ್ಯಾಯವಲ್ಲ. ಹಾಳೆಯ ಮೇಲೆ ಒಂದು ಅಳತೆ ಇದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

“ಗೋಡೆ ಯಾಕೆ ಹೀಗೆ ಮಸುಕು?” ಅಪ್ಪನ ಎರಡನೆಯ ಪ್ರಶ್ನೆ.

ಇದು ಮಾತ್ರ ಅವಳದೇ ತಪ್ಪು. ಆಟೊಕ್ಯಾಡಿನಲ್ಲಿ ಎಷ್ಟೋ ಜನರಿಗೆ ಬಣ್ಣ ಎಂದರೆ ಗೆರೆಯ ದಪ್ಪ. ಕೆಂಪು ತೆಳು, ಹಳದಿ ದಪ್ಪ ಎಂದು ತಾವೇ ಗೊತ್ತುಮಾಡಿಕೊಳ್ಳುತ್ತಾರೆ. ಆ ಲೆಕ್ಕವೆಲ್ಲ ಸಿಟಿಬಿ ಎಂಬ ಬೇರೆಯದೇ ಫೈಲಿನಲ್ಲಿರುತ್ತದೆ. ಅವಳು ಕಾಲೇಜಿನ ಕಂಪ್ಯೂಟರಿಗೆ ನಕ್ಷೆ ಒಯ್ದಳು, ಸಿಟಿಬಿ ಮನೆಯಲ್ಲೇ ಉಳಿಯಿತು. ದಪ್ಪಗೆ ಕಪ್ಪಾಗಿ ಬರಬೇಕಿದ್ದ ಗೋಡೆ ನಿಜವಾದ ಹಳದಿಯಾಗಿಯೇ ಪಿಡಿಎಫ್ ಸೇರಿತು. ಕಪ್ಪು-ಬಿಳುಪು ಪ್ರಿಂಟಿನಲ್ಲಿ ಬೂದಿ ಬಣ್ಣವಾಯಿತು.

ಅವಳು ಸಿಟಿಬಿ ತೆರೆದಾಗ ಅಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದರು. 0.25, 0.35, 0.5, 0.7. “ಇವು ನನ್ನ ಪೆನ್ನುಗಳು!” ನಿಜವೇ. ಇಂಕ್ ಪೆನ್ನುಗಳ ಆ ದಪ್ಪಗಳು ಒಂದಕ್ಕಿಂತ ಒಂದು ಸುಮಾರು 1.4 ಪಟ್ಟು. ಎ ವರ್ಗದ ಹಾಳೆಗಳ ಉದ್ದಗಲವೂ ಒಂದರಿಂದ ಇನ್ನೊಂದಕ್ಕೆ ಅಷ್ಟೇ ಬೆಳೆಯುತ್ತದೆ. ಆದ್ದರಿಂದ ಎ1 ನಕ್ಷೆಯನ್ನು ಎ2ಗೆ ಇಳಿಸಿದರೆ 0.7ರ ಗೆರೆ 0.5 ಆಗುತ್ತದೆ, ಅದೇ ಪೆನ್ನಿನಲ್ಲಿ ಮತ್ತೆ ತಿದ್ದಬಹುದು. ಪೆನ್ನು ಹೋದರೂ ಅಂಕಿಗಳು ಉಳಿದುಕೊಂಡಿವೆ.

ಡಿಡಬ್ಲ್ಯುಜಿ ಫೈಲನ್ನೇ ಅಂಗಡಿಗೆ ಕೊಟ್ಟಿದ್ದರೆ? ಇನ್ನೂ ಪಜೀತಿ. ಅವಳು ‘ಅಡುಗೆಮನೆ’, ‘ಪಡಸಾಲೆ’ ಎಂದು ಹಳೆಯ ನುಡಿ ಫಾಂಟಿನಲ್ಲಿ ಬರೆದಿದ್ದಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪಿಡಿಎಫ್ ಅಕ್ಷರದ ಆಕಾರವನ್ನೂ ತನ್ನೊಳಗೇ ಒಯ್ಯಬಲ್ಲದು. 1993ರಲ್ಲಿ ಅಡೋಬಿ ಹೊರತಂದ ಈ ರೂಪಕ್ಕೆ 2008ರಲ್ಲಿ ಅಂತರರಾಷ್ಟ್ರೀಯ ಮಾನಕದ ಮನ್ನಣೆಯೂ ಸಿಕ್ಕಿತು. ಬೇರೆ ತಂತ್ರಾಂಶ ಬಳಸುವ ಗೆಳತಿ ತಿದ್ದಬೇಕೆಂದಿದ್ದರೆ ಡಿಎಕ್ಸ್‌ಎಫ್ ಕೊಡಬಹುದಿತ್ತು. ಅದು 1982ರ ಮೊದಲ ಆಟೊಕ್ಯಾಡ್ ಕಾಲದಿಂದ ಇದೆ. ಫೋನಿನಲ್ಲಿ ಕಳಿಸುವ ಚಿತ್ರ ಕಣ್ಣಿಗೆ ಮಾತ್ರ, ಸ್ಕೇಲಿಗಲ್ಲ.

ಮಗಳು ಹೊಸ ಪಿಡಿಎಫ್ ಮಾಡಿದಳು. ಅಪ್ಪನ ಒತ್ತಾಯಕ್ಕೆ ಪ್ರತಿ ಹಾಳೆಯ ಕೆಳಗೆ ಐದು ಮೀಟರಿನ ಅಳತೆಪಟ್ಟಿಯೊಂದನ್ನು ಎಳೆದಳು. ಹಾಳೆಯಲ್ಲಿ ಅದು ಸರಿಯಾಗಿ 100 ಮಿಲಿಮೀಟರ್ ಬರಬೇಕು. ಯಾರಾದರೂ ಕುಗ್ಗಿಸಿದರೆ ನಕ್ಷೆಯ ಜೊತೆಗೇ ಕುಗ್ಗಿ ಗುಟ್ಟು ಹೇಳುತ್ತದೆ.

ಸ್ಕೂಟರಿನಲ್ಲಿ ಹೋದಾಗ ಅಂಗಡಿಯ ಷಟರ್ ಅರ್ಧ ಇಳಿದಿತ್ತು. “ಅಣ್ಣ, ಫಿಟ್ ಬೇಡ, ಆಕ್ಚುಯಲ್ ಸೈಜ್” ಎಂದು ಮಗಳು ಬಗ್ಗಿ ಒಳಗೆ ಹೋದಳು. ಬಿಸಿ ಆರದ ಮೊದಲ ಹಾಳೆಯನ್ನು ಅಪ್ಪ ಕೌಂಟರಿನ ಮೇಲೆ ಹರಡಿ, ಜೇಬಿನಿಂದ ಸ್ಕೇಲು ತೆಗೆದು ಪಟ್ಟಿಯ ಮೇಲಿಟ್ಟರು. ಹುಡುಗನೂ ಕತ್ತು ಚಾಚಿದ.

“ನೂರು” ಎಂದರು ಅಪ್ಪ. “ಇನ್ನು ಮೂರು ಹಾಕಪ್ಪ.”