ಹಿಮಪಾತವೋ, ಹಿಮಕುಸಿತವೋ?

ಚಳಿಗಾಲದಲ್ಲಿ ಕಾಶ್ಮೀರದ ಸುದ್ದಿ ಬಂದರೆ ನಮ್ಮ ಧಾರವಾಡ ಜಿಲ್ಲೆಯ ಕೆಲವು ಮನೆಗಳಲ್ಲಿ ಊಟ ಸೇರುವುದಿಲ್ಲ. ಮಗ ಮಿಲಿಟರಿಯಲ್ಲಿರುವ ಮನೆಗಳು ಅವು. ಟಿವಿಯಲ್ಲಿ ‘ಭಾರೀ ಹಿಮಪಾತ’ ಎಂದು ಬಂದ ಕೂಡಲೇ ನನಗೆ ಫೋನ್ ಬರುತ್ತದೆ, ಪೇಪರಿನವನಿಗೆ ಎಲ್ಲಾ ಗೊತ್ತಿರುತ್ತದೆ ಎಂಬ ನಂಬಿಕೆ. ಒಮ್ಮೆ ನಮ್ಮ ಓಣಿಯ ಅವ್ವ ಒಬ್ಬರು ಕೇಳಿದರು: “ತಮ್ಮಾ, ಹಿಮಪಾತ ಅಂದ್ರ ಬರೇ ಹಿಮಾ ಬೀಳೂದೋ, ಗುಡ್ಡದ ಮ್ಯಾಲಿಂದ ಜಾರಿ ಬರೂದೋ?”

ಸರಿಯಾದ ಪ್ರಶ್ನೆ. ನಾವು ಸುದ್ದಿಯವರು ಎರಡಕ್ಕೂ ಒಂದೇ ಪದ ಬಳಸುತ್ತೇವೆ. ಆಕಾಶದಿಂದ ಬೀಳುವುದು ಹಿಮಪಾತ, ಇಳಿಜಾರಿನಿಂದ ಜಾರುವುದು ಹಿಮಕುಸಿತ. ಮೊದಲನೆಯದು ಅಲ್ಲಿ ದಿನದ ಮಾತು. ಜೀವ ತೆಗೆಯುವುದು ಹೆಚ್ಚಾಗಿ ಎರಡನೆಯದು.

ಆದರೆ ಒಂದರಿಂದಲೇ ಇನ್ನೊಂದು ಹುಟ್ಟುತ್ತದೆ. ಬಿರುಗಾಳಿಯಲ್ಲಿ ಹಳೆಯ ಹಿಮದ ಮೇಲೆ ಹೊಸ ಹಿಮ ಬೀಳುತ್ತದೆ. ಗಾಳಿ ಅದನ್ನು ಗುಡ್ಡದ ಮರೆಯ ಬದಿಗೆ ತಂದು ಒಟ್ಟುತ್ತದೆ. ಒಳಗಿನ ಪದರ ಆ ಭಾರ ತಡೆಯದಿದ್ದರೆ ಮೇಲಿನದು ಹಲಗೆಯಂತೆ ಕಳಚಿ ಜಾರುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಅಪಾಯ ಹೆಚ್ಚು. ಮಳೆ ನಿಂತರೂ ನೆನೆದ ಗೋಡೆ ಮರುದಿನ ಬೀಳುವುದಿಲ್ಲವೇ? ಹಾಗೆಯೇ ಬಿರುಗಾಳಿ ನಿಂತು ಬಿಸಿಲು ಬಿದ್ದ ದಿನವೂ ನಂಬುವಂತಿಲ್ಲ. ಜಾರಿ ನಿಂತ ಹಿಮ ಗಟ್ಟಿಯಾಗುತ್ತದೆ, ಕೈಯಾಡಿಸಲೂ ಆಗದು. ಮೊದಲ ಹತ್ತು-ಹದಿನೈದು ನಿಮಿಷದಲ್ಲಿ ತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಅರ್ಧ ಗಂಟೆಯಾದರೆ ಆಸೆ ಕಡಿಮೆ. ಆದ್ದರಿಂದ ಹೆಲಿಕಾಪ್ಟರ್‌ಗಿಂತ ಮೊದಲು ಬೇಕಾದದ್ದು ಪಕ್ಕದ ಜೊತೆಗಾರ, ಅವನ ಕೈಯಲ್ಲೊಂದು ಸಲಿಕೆ.

ನಮ್ಮ ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಮರೆಯಲಾದೀತೇ? 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮದ ರಾಶಿ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು. ಆರು ದಿನದ ಮೇಲೆ ಅಗೆದಾಗ ಅವರೊಬ್ಬರು ಉಸಿರಾಡುತ್ತಿದ್ದರು. ಫೆಬ್ರುವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಆ ಹತ್ತು ಜನರಲ್ಲಿ ಮೂವರು ಕರ್ನಾಟಕದವರು.

ಚಂಡೀಗಢದಲ್ಲಿ ಡಿಆರ್‌ಡಿಒದ ಸಂಸ್ಥೆಯೊಂದು ಹಿಮಕುಸಿತದ ಮುನ್ನೆಚ್ಚರಿಕೆ ಕೊಡುತ್ತದೆ. ಅದರಲ್ಲಿ ಹೇಳುವುದು ಅಪಾಯದ ಮಟ್ಟ, ಅನಾಹುತವಾಗಿದೆ ಎಂದಲ್ಲ. ಬಿರುಗಾಳಿಯಲ್ಲಿ ನೆಟ್‌ವರ್ಕ್ ಹೋಗುವುದೂ ಸಾಮಾನ್ಯ. ಮಗನ ಫೋನ್ ಹತ್ತದಿದ್ದರೆ ಕೆಟ್ಟದ್ದನ್ನೇ ಎಣಿಸಬೇಡಿ. ಜಾಗದ ಹೆಸರು, ತಾರೀಖು ಇಲ್ಲದ ವಾಟ್ಸ್‌ಆ್ಯಪ್ ವಿಡಿಯೊವನ್ನು ಆ ಮನೆಗೆ ಕಳಿಸಬೇಡಿ.

ನಾನಂತೂ ಸುದ್ದಿ ಕಳಿಸುವಾಗ ಎರಡು ಪದಗಳನ್ನು ಬೇರೆಯಾಗಿಯೇ ಬರೆಯುತ್ತೇನೆ. ಡೆಸ್ಕಿನವರು ತಿದ್ದಿದರೆ ಫೋನ್ ಮಾಡಿ ಜಗಳ ತೆಗೆಯುತ್ತೇನೆ. ಒಂದು ಪದ ತಪ್ಪಿದರೆ ಇಲ್ಲೊಂದು ಮನೆಯಲ್ಲಿ ರಾತ್ರಿಯಿಡೀ ದೀಪ ಆರುವುದಿಲ್ಲ.